ಗೋಡೆಯಾಚೆಯ ರೊಟ್ಟಿ

ಹೋದ ವರ್ಷ ಜೇವರ್ಗಿಯ ಬಸ್ ನಿಲ್ದಾಣದ ಹೊರಗೆ, ಬೆಳಗಿನ ಹೊತ್ತಿನಲ್ಲಿ, ತಗಡಿನ ಸೂರಿನ ಒಂದು ಖಾನಾವಳಿಯಿಂದ ಹಸಿ ಬೆಳ್ಳುಳ್ಳಿ ಜಜ್ಜಿದ ವಾಸನೆ ಬಂತು. ಅದರ ಹಿಂದೆಯೇ ಬಿಸಿ ಜೋಳದ ರೊಟ್ಟಿಯ ಹಬೆ. ವಿಜಯಪುರದ ಬಸ್ಸು ಹೊರಡಲು ನಿಂತಿತ್ತು, ಮಗ ಬಾಗಿಲಲ್ಲಿ ನಿಂತು ಕೈಬೀಸುತ್ತಿದ್ದ, ನಾನು ಮಾತ್ರ ಕಂಬಕ್ಕೆ ಆತು ಕಣ್ಣುಮುಚ್ಚಿ ನಿಂತುಬಿಟ್ಟೆ. ಎಂಬತ್ತು ದಾಟಿದ ಮುದುಕಿ ದಾರಿಯಲ್ಲಿ ಹೀಗೆ ನಿಂತರೆ ಜನ ಗಾಬರಿಯಾಗುವುದು ಸಹಜ. ಯಾರೋ ಪುಣ್ಯಾತ್ಮರು ನೀರು ತಂದುಕೊಟ್ಟರು. ನನಗೆ ಬೇಕಾಗಿದ್ದದ್ದು ನೀರಲ್ಲ, ಮುಟಗಿ.

ಮುಟಗಿ ತಿಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹಂಚಿನಿಂದ ಇಳಿಸಿದ ರೊಟ್ಟಿಯನ್ನು ಆರಲು ಬಿಡದೆ ಒರಳಿಗೆ ಹಾಕಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ಉಪ್ಪು ಸೇರಿಸಿ ಕುಟ್ಟಿ, ಮೇಲೆ ಕುಸುಬೆ ಎಣ್ಣೆ ಬಿಟ್ಟು, ಕೈ ಸುಡುವಾಗಲೇ ಮುಷ್ಟಿಯಲ್ಲಿ ಒತ್ತಿ ಉಂಡೆ ಕಟ್ಟಬೇಕು. ಆಳಂದ ತಾಲೂಕಿನ ಮಟಕಿಯಲ್ಲಿದ್ದ ನಮ್ಮ ಮನೆಯಲ್ಲಿ ಅದನ್ನು ಕಟ್ಟುತ್ತಿದ್ದವಳು ಆಯಿ, ನಮ್ಮಪ್ಪನ ತಾಯಿ. ಉಂಡೆಯ ಮೇಲೆ ಅವಳ ನಾಲ್ಕೂ ಬೆರಳು ಮೂಡಿರುತ್ತಿದ್ದವು, ನಾನು ಕಿರುಬೆರಳಿನ ಗುರುತಿನಿಂದ ಕಚ್ಚಲು ಶುರುಮಾಡುತ್ತಿದ್ದೆ. ಬೆಳಗಿನ ತಿಂಡಿಗೆ ನಮ್ಮ ಕಡೆ ನ್ಯಾರಿ ಎನ್ನುತ್ತಿದ್ದರು. ಒಂದು ದಿನ ರಾತ್ರಿಯ ರೊಟ್ಟಿಗೆ ಕೆನೆಮೊಸರು ಮತ್ತು ಶೇಂಗಾ ಹಿಂಡಿ, ಇನ್ನೊಂದು ದಿನ ನೆನೆಸಿದ ಚುರುಮುರಿಗೆ ಹಸಿಮೆಣಸಿನಕಾಯಿ ಒಗ್ಗರಣೆ ಕೊಟ್ಟ ಸುಸಲಾ, ಮಳೆ ಹಿಡಿದರೆ ನಡುವೆ ತೂತು ಮಾಡಿ ಎಣ್ಣೆ ಬಿಟ್ಟು ಬೇಯಿಸಿದ ತಾಲಿಪಟ್ಟಿ. ಏನಿದ್ದರೂ ಸರಿ, ನ್ಯಾರಿ ಆಗದೆ ಆಯಿ ಯಾರನ್ನೂ ಹೊಲಕ್ಕೆ ಬಿಡುತ್ತಿರಲಿಲ್ಲ. ಮಧ್ಯಾಹ್ನದ ಊಟ ಹೊಟ್ಟೆಗಾದರೆ ನ್ಯಾರಿ ಜೀವಕ್ಕೆ ಎಂದು ಅವಳ ಲೆಕ್ಕ. ಇವತ್ತು ನನ್ನ ಮೊಮ್ಮಕ್ಕಳು ಎರಡು ಬಿಸ್ಕತ್ತು ಬಾಯಿಗೆ ತುರುಕಿಕೊಂಡು ಓಡುವುದನ್ನು ನೋಡಿದ್ದರೆ ಅವಳು ಬಾಗಿಲಿಗೆ ಅಡ್ಡ ಕೂತುಬಿಡುತ್ತಿದ್ದಳು.

ನಮ್ಮ ಹಿತ್ತಲ ಗೋಡೆಯಾಚೆ ಹಲೀಮಾ ಖಾಲಾ ಇದ್ದಳು, ಅವರ ಮಾತಿನಲ್ಲಿ ಖಾಲಾ ಎಂದರೆ ಚಿಕ್ಕಮ್ಮ. ಅವಳ ಗಂಡ ಊರಿಗೆಲ್ಲ ಅಂಗಿ ಹೊಲಿಯುವ ದರ್ಜಿ. ಗೋಡೆಯಲ್ಲಿ ಒಂದು ಕಿಂಡಿಯಿತ್ತು. ಬೆಳಿಗ್ಗೆ ಯಾರ ಒಲೆ ಮೊದಲು ಹೊತ್ತುತ್ತದೋ ಅವರು ಸೆಗಣಿ ಕುಳ್ಳಿನ ಮೇಲೆ ಕೆಂಡವಿಟ್ಟು ಆ ಕಿಂಡಿಯಲ್ಲಿ ಇನ್ನೊಬ್ಬರಿಗೆ ಕೊಡುತ್ತಿದ್ದರು. ಬೆಂಕಿ ದಾಟುತ್ತಿತ್ತು, ಬೆಂಕಿಯ ಮೇಲೆ ಬೆಂದದ್ದು ದಾಟುತ್ತಿರಲಿಲ್ಲ. ನಾವು ಅವರ ಮನೆಯ ಅಡಿಗೆ ಉಣ್ಣುವವರಲ್ಲ. ರಂಜಾನ್ ಬಂದರೆ ಖಾಲಾ ನಮಗೆ ಶಾವಿಗೆ, ಸಕ್ಕರೆ, ಖಾರಿಕ ಎನ್ನುವ ಒಣ ಖರ್ಜೂರಗಳನ್ನು ಹಸಿಯಾಗಿಯೇ ಕಳಿಸುತ್ತಿದ್ದಳು, ಆಯಿ ನಮ್ಮ ಒಲೆಯ ಮೇಲೆ ಪಾಯಸ ಮಾಡುತ್ತಿದ್ದಳು. ಇದರಲ್ಲಿ ಇಬ್ಬರಿಗೂ ಬೇಸರವಿದ್ದಂತೆ ಕಾಣಲಿಲ್ಲ. ಬೆಳಗಿನ ಜಾವ ಕಂಬಳಿಯೊಳಗೆ ಮಲಗಿದ್ದ ನನಗೆ ಗೋಡೆಯ ಎರಡೂ ಕಡೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ. ಆ ಸಪ್ಪಳದಲ್ಲೇ ಮತ್ತೆ ನಿದ್ದೆ ಹತ್ತುತ್ತಿತ್ತು. ಅಂಥ ನಿದ್ದೆ ಆಮೇಲೆ ನನಗೆ ಎಲ್ಲಿಯೂ ಬರಲಿಲ್ಲ.

ದೇಶಕ್ಕೆ ಸ್ವಾತಂತ್ರ್ಯ ಬಂದಾಗ ನಮ್ಮ ಸೀಮೆ ಇನ್ನೂ ನಿಜಾಮನ ಆಳ್ವಿಕೆಯಲ್ಲಿತ್ತು. ಅಪ್ಪನ ತಮ್ಮ ಬಸಣ್ಣ ಕಾಕಾ ಊರಲ್ಲಿ ತ್ರಿವರ್ಣ ಧ್ವಜ ಹಾರಿಸಿ ಅಂದೇ ಗಡಿ ದಾಟಿ ಸೋಲಾಪುರದ ಕಡೆ ಓಡಿಹೋದ. ಮುಂದಿನ ಮಳೆಗಾಲದಲ್ಲಿ ಜ್ವರ ಹತ್ತಿಸಿಕೊಂಡು, ಎಲುಬಿನ ಹಂದರವಾಗಿ ಕದ್ದು ಮನೆಗೆ ಬಂದ. ದನದ ಕೊಟ್ಟಿಗೆಯ ಅಟ್ಟದಲ್ಲಿ ಜೋಳದ ದಂಟಿನ ಕಣಿಕೆಯ ಹಿಂದೆ ಅವನನ್ನು ಮಲಗಿಸಿದರು. ಸಿಕ್ಕಿಬಿದ್ದರೆ ಅವನ ಜೀವ ಉಳಿಯುವುದಿಲ್ಲವೆಂಬುದು ನನ್ನಂಥ ಏಳು ವರ್ಷದವಳಿಗೂ ತಿಳಿದಿತ್ತು, ಯಾಕೆಂದರೆ ನಮ್ಮ ಮನೆಯೆದುರಿನ ಕಟ್ಟೆಯ ಮೇಲೆ ದಿನಾ ಬೆಳಿಗ್ಗೆ ನಿಜಾಮನ ಕಡೆಯ ಒಬ್ಬ ಬಂದೂಕಿನವನು ಬಂದು ಕೂರುತ್ತಿದ್ದ. ಜ್ವರ ಬಿಟ್ಟ ಮೇಲೆ ಕಾಕಾನಿಗೆ ವಿಪರೀತ ಹಸಿವು. ಆಯಿ ಅಂಬಲಿ ಕೊಟ್ಟಳು, ನುಚ್ಚು ಕೊಟ್ಟಳು, ಅವನು ಮುಟಗಿ ಬೇಕೆಂದು ಹುಡುಗನಂತೆ ಹಠ ಮಾಡಿದ. ಆಯಿ ಬೆಳಗಿನ ರೊಟ್ಟಿ ಹೆಚ್ಚು ಮಾಡಿದಳು.

ನಾಲ್ಕು ದಿನ ಕಳೆದಿರಬೇಕು. ಖಾಲಾ ಕಿಂಡಿಯಲ್ಲಿ ಕೆಂಡ ಇಡುತ್ತ ಮೆಲ್ಲಗೆ ಹೇಳಿದಳು. "ಆಯಿ, ನಿಮ್ಮ ಮನ್ಯಾಗ ರೊಟ್ಟಿ ಭಾಳ ಹೊತ್ತು ಬಡ್ಯಾಕತ್ತೀರಿ. ನನಗ ಕೇಳಸ್ತದರಿ. ಕಟ್ಟಿ ಮ್ಯಾಲ ಕುಂತಾವಗೂ ಕಿವಿ ಅವ."

ಆಯಿ ಕಿಂಡಿಗೆ ಇನ್ನಷ್ಟು ಹತ್ತಿರ ಬಂದಳು. ಖಾಲಾ ಮುಂದುವರಿಸಿದಳು. "ನೀವು ಮೊದಲಿನಷ್ಟ ಬಡೀರಿ. ಅವರ ಪಾಲಿಂದು ನಾ ಇಲ್ಲಿ ಬಡೀತೇನಿ. ನನ್ನ ಮನೀ ಸಪ್ಪಳ ಯಾರು ಕೇಳತಾರ?" ಮತ್ತೆ, "ನೀವು ತಿನ್ನೂದಿಲ್ಲ, ನನಗ ಗೊತ್ತದರಿ. ಜೀವದ ಮಾತದ ಅಂತ ಕೇಳಾಕತ್ತೇನಿ" ಎಂದಳು.

ಮರುದಿನ ಬೆಳಿಗ್ಗೆ ಕಿಂಡಿಯಲ್ಲಿ ಬಿಳಿ ಅರಿವೆಯಲ್ಲಿ ಸುತ್ತಿದ ರೊಟ್ಟಿಗಳು ಇದ್ದವು. ಆಯಿ ಅವುಗಳ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ ತಂದು ಒರಳಿಗೆ ಹಾಕಿ ಕುಟ್ಟಿ, ಎಣ್ಣೆ ಬಿಟ್ಟು, ಉಂಡೆ ಕಟ್ಟಿ, ಮೊದಲ ತುತ್ತನ್ನು ತನ್ನ ಬಾಯಿಗೇ ಹಾಕಿಕೊಂಡಳು. ನಮ್ಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನೋಡುತ್ತಿದ್ದಳು. "ನಾ ತಿನ್ನಲಾರದ್ದು ಮಗಗ ಹ್ಯಾಂಗ ತಿನಸಲಿ?" ಎಂದು ಆಯಿ ಅಗಿಯುತ್ತಲೇ ಕೇಳಿದಳು. ಕಣ್ಣಲ್ಲಿ ನೀರಿತ್ತು, ಖಾರಕ್ಕೆ ಬಂದದ್ದಲ್ಲ.

ಆ ಮಳೆಗಾಲದ ಬೆಳಗುಗಳು ನನ್ನಲ್ಲಿ ಕನಸಿನಂತೆ ಉಳಿದಿವೆ. ಹೊಗೆ ಮೇಲೇರದೆ ಹಿತ್ತಲಲ್ಲೇ ಸುತ್ತುತ್ತಿತ್ತು, ಒದ್ದೆ ಕಣಿಕೆಯ ವಾಸನೆ, ಎತ್ತುಗಳ ಮೆಲುಕು. ಗೋಡೆಯಾಚೆ ಸಪ್ಪಳ ದೀರ್ಘವಾಯಿತು, ಈಚೆ ಗಿಡ್ಡವಾಯಿತು. ಆಯಿ ಸೆಗಣಿ ಬುಟ್ಟಿಯೊಳಗೆ ಮುಟಗಿಯ ಗಂಗಾಳ ಮುಚ್ಚಿಟ್ಟುಕೊಂಡು ಕೊಟ್ಟಿಗೆಗೆ ಹೋಗುತ್ತಿದ್ದಳು. ಒಮ್ಮೆ ಕಾಕಾ, "ಅವ್ವ, ನಿನ್ನ ಕೈರೊಟ್ಟಿ ಈಗೀಗ ಭಾಳ ಮೆತ್ತಗ ಆಗ್ಯಾವ" ಎಂದ. "ಮುದುಕಿ ಆದೆ, ಸುಮ್ಮ ತಿನ್ನು" ಎಂದಳು ಆಯಿ. ನಿಜ ಹೇಳಿದ್ದರೆ ಅವನು ಉಪವಾಸ ಬೀಳುತ್ತಿದ್ದ. ಬಂದೂಕಿನವರು ಸುಟ್ಟ ಊರುಗಳಿಂದ ಓಡಿಬಂದವರನ್ನು ಅವನು ಗಡಿಯಾಚೆ ಕಂಡಿದ್ದ. ಬಂದೂಕಿನವರೂ ದರ್ಜಿಯೂ ಅವನ ಕಣ್ಣಿಗೆ ಒಂದೇ ಜನವಾಗಿದ್ದರು.

ಮಳೆ ಹಿಂದೆಗೆಯುವ ಹೊತ್ತಿಗೆ ಭಾರತದ ಸೈನ್ಯ ಬಂತು, ನಿಜಾಮನ ಆಳ್ವಿಕೆ ಮುಗಿಯಿತು. ಕಟ್ಟೆಯವನು ಕಾಣೆಯಾದ. ಕಾಕಾ ಅಟ್ಟದಿಂದ ಇಳಿದು ಹಗಲು ಬೆಳಕಿಗೆ ಕಣ್ಣು ಕಿರಿದು ಮಾಡಿ ನಿಂತ, ಜನ ಅವನನ್ನು ಹೆಗಲ ಮೇಲೆ ಹೊತ್ತರು. ಈಗ ಭಯ ಗೋಡೆಯ ಆ ಕಡೆ ಹೋಯಿತು. ಒಂದು ಬೆಳಿಗ್ಗೆ ಬಡಿಗೆ ಹಿಡಿದ ಗಂಡಸರು ಓಣಿಗೆ ಬಂದು ದರ್ಜಿಯ ಬಾಗಿಲ ಮುಂದೆ ನಿಂತರು. ಎಲ್ಲರಿಗಿಂತ ಮುಂದೆ ಕಾಕಾ ಇದ್ದ. ಆಯಿ ಕೈಗೆ ಹತ್ತಿದ ಹಿಟ್ಟಿನೊಂದಿಗೇ ಹೊರಗೆ ಓಡಿ, ಆ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಬಸ್ಯಾ, ಈ ಮಳಿಗಾಲ ಪೂರಾ ನೀ ತಿಂದಿದ್ದು ನನ್ನ ಕೈರೊಟ್ಟಿ ಅಲ್ಲಲೇ. ಒಳಗ ಕುಂತಾಳಲ್ಲ, ಅಕಿ ಬಡದು ಕೊಟ್ಟಿದ್ದು. ಒಳಗ ಹೋಗಾವಿದ್ರ ಹೋಗು. ಮೊದಲು ಆ ರೊಟ್ಟಿ ಹೊಟ್ಟ್ಯಾಗಿಂದ ಹೊರಗ ತಗಿ."

ಕಾಕಾ ತಾಯಿಯ ಮುಖ ನೋಡಿದ, ಬಾಗಿಲನ್ನು ನೋಡಿದ. ಬಡಿಗೆಯನ್ನು ಗೋಡೆಗೆ ಒರಗಿಸಿ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತ. "ನಡೀರಿ, ಇಲ್ಲಿ ಯಾರೂ ಬರಬ್ಯಾಡ್ರಿ" ಎಂದ. ಉಳಿದವರು ಗೊಣಗುತ್ತ ಮುಂದಿನ ಓಣಿಗೆ ಹೋದರು. ಅಲ್ಲಿ ಏನಾಯಿತೆಂದು ನಮ್ಮ ಮನೆಯ ಹಿರಿಯರು ಕೊನೆಯವರೆಗೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಖಾಲಾಳ ಮನೆ ಉಳಿಯಿತು, ಆದರೆ ಮನಸ್ಸು ಊರಲ್ಲಿ ಉಳಿಯಲಿಲ್ಲ. ಭೀಮಾ ಹೊಳೆಯ ಆಚೆ ಜೇವರ್ಗಿಯ ಕಡೆ ಅವಳ ತವರು. ಅಲ್ಲಿಗೆ ಹೊರಟುನಿಂತಾಗ ಆಯಿ ಕೈಹಿಡಿದು ಎಷ್ಟು ಹೇಳಿದರೂ ಅವಳು ತಲೆಯಲ್ಲಾಡಿಸಿದಳು. ಕಾಕಾ ನಮ್ಮ ಬಂಡಿ ಕಟ್ಟಿ ತಾನೇ ಹೊಡೆದುಕೊಂಡು ಹೋದ. ದಾರಿಯಲ್ಲಿ ಯಾರೂ ತಡೆಯದಿರಲೆಂದು ಹೆಗಲಿಗೆ ಧ್ವಜದ ಬಟ್ಟೆ ಹಾಕಿಕೊಂಡಿದ್ದ. ಹಲವು ದಿನಗಳ ಮೇಲೆ ಖಾಲಿ ಬಂಡಿ ಹಿಂದಿರುಗಿತು.

"ಹೊಳಿ ದಾಟಿಸಿ ಬಂದೆ ಅವ್ವ," ಎಂದ ಕಾಕಾ. "ಆಚಿ ದಂಡ್ಯಾಗ ಅಕಿ ಅಣ್ಣ ಬಂದಿದ್ದ."

"ಅವರದು ನ್ಯಾರಿ ಆತೇನು?"

"ದೋಣಿ ಬರೂತನಕ ಹೊಳಿ ದಂಡಿಮ್ಯಾಲೆ ಕುಂತು ಮಾಡಿದ್ವಿ. ಬುತ್ತಿ ಬಿಚ್ಚಿ ಮೊದಲು ನನಗ ಕೊಟ್ಟಳು. ನನಗ ಮಾರಿ ಎತ್ತಿ ನೋಡೂದು ಆಗಲಿಲ್ಲ." ಕಾಕಾ ಎತ್ತುಗಳ ಕೊರಳ ಹಗ್ಗ ಬಿಚ್ಚಿದ. "ನಿನಗೊಂದು ಮಾತು ಹೇಳ್ಯಾಳ. ಆಯಿಗೆ ಹೇಳ್ರಿ, ಇನ್ನ ರೊಟ್ಟಿ ಎಷ್ಟು ಬೇಕಷ್ಟು ಬಡೀಲಿ, ಕೇಳಾವ್ರು ಯಾರೂ ಇಲ್ಲ, ಅಂದಳು."

ಖಾಲಾಳ ಮನೆಯವರು ಮತ್ತೆ ಮಟಕಿಗೆ ಬರಲಿಲ್ಲ. ಬಂಡಿ ಬಂದ ಮರುದಿನ ಬೆಳಿಗ್ಗೆ ನಾನು ಎಚ್ಚರವಾಗಿಯೇ ಮಲಗಿ ಕಿವಿಗೊಟ್ಟೆ. ಆಯಿ ರೊಟ್ಟಿ ಬಡಿಯುತ್ತಿದ್ದಳು, ಗೋಡೆಯಾಚೆ ಇನ್ನೂ ಯಾರೋ ನಿದ್ದೆಹೋಗಿದ್ದಾರೆ ಎನ್ನುವಷ್ಟು ಮೆತ್ತಗೆ. ಸಾಯುವವರೆಗೂ ಅವಳು ಹಾಗೆಯೇ ಬಡಿದಳು.