ಹಿಂದಿನ ಸೀಟಿನಿಂದ ಕಂಡ ರಸ್ತೆ

ಹೋದ ತಿಂಗಳು ಮಗಳಿಗೊಂದು ಹೆಲ್ಮೆಟ್ ಕೊಂಡೆ. ಎರಡು ಸಾವಿರದ ನಾನೂರು. ಅಂಗಡಿಯವನು ಹೇಳಿದ್ದೂ ಅಷ್ಟೇ, ನಾನು ಕೊಟ್ಟದ್ದೂ ಅಷ್ಟೇ. ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿ ದಲಾಲಿ ಮಾಡಿ ಹೊಟ್ಟೆ ಹೊರೆದವನು ನಾನು. ಗುಡಿಯ ಮುಂದೆ ಚಪ್ಪಲಿ ಕಾಯುವವನ ಹತ್ತಿರವೂ ಎಂಟಾಣೆ ಇಳಿಸಿದ್ದೇನೆ. ಆದರೆ ಅಂದು, ಒಳಗೆ ಮೆತ್ತಗಿದೆಯೇ ನೋಡೋಣವೆಂದು ಹೆಲ್ಮೆಟ್ಟನ್ನು ನನ್ನ ತಲೆಗೇ ಹಾಕಿಕೊಂಡೆ. ಸ್ಪಂಜಿನ ವಾಸನೆ, ಸ್ವಲ್ಪ ರಬ್ಬರು, ಸ್ವಲ್ಪ ಅಂಟು… ಅದಾದ ಮೇಲೆ ಬೆಲೆ ಇಳಿಸಲು ಬಾಯೇ ಬರಲಿಲ್ಲ. ಆ ವಾಸನೆಯೊಳಗೆ ನಾನು ಮೊದಲು ತಲೆ ಇಟ್ಟದ್ದು ತೊಂಬತ್ತರ ದಶಕದಲ್ಲಿ, ಎರ್ನಾಕುಲಂ ಪೇಟೆಯ ನಡುವೆ. ಹೆಲ್ಮೆಟ್ ಪಕ್ಕದ ಮನೆಯ ಹೆಂಗಸಿನದು. ಆ ಹೊತ್ತು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಆಗ ನಾವು ತಿರುವನಂತಪುರದಲ್ಲಿದ್ದೆವು. ಊರಿಂದ ಬರುವ ಮೆಣಸಿನಕಾಯಿ ಚೀಲಗಳನ್ನು ಚಾಲೈ ಪೇಟೆಯ ಸಗಟು ಅಂಗಡಿಗಳಿಗೆ ಕುದುರಿಸಿ ಕೊಡುವುದು ನನ್ನ ಕೆಲಸ. ಪಕ್ಕದ ಮನೆಗೆ ಮೈಸೂರು ಕಡೆಯ ದಂಪತಿ ವರ್ಗವಾಗಿ ಬಂದಿದ್ದರು, ಇಬ್ಬರೂ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯಲ್ಲಿ ನೌಕರರು. ಗಂಡನನ್ನು ರಾಯರು ಎನ್ನುತ್ತಿದ್ದೆವು. ಹೆಂಡತಿಯನ್ನು ನಾನು ಅಕ್ಕೋರು ಎನ್ನುತ್ತಿದ್ದೆ. ನಮ್ಮ ಕಡೆ ಶಾಲೆಯ ಟೀಚರಿಗೆ ಹಾಗೆನ್ನುವುದು. ಅವರು ಟೀಚರಲ್ಲ, ಆದರೂ ಬಾಯಿಗೆ ಬಂದದ್ದು ಅದೇ.

ದಿನಾ ಬೆಳಿಗ್ಗೆ ನಮ್ಮ ಓಣಿಗೆ ಒಂದು ತಮಾಷೆ ಸಿಗುತ್ತಿತ್ತು. ಅಕ್ಕೋರು ಚೂಡಿದಾರ ತೊಟ್ಟು, ಹೆಲ್ಮೆಟ್ ಹಾಕಿ, ಮೋಟಾರ್ ಸೈಕಲ್ ಹೊರಗೆ ತೆಗೆಯುವರು. ರಾಯರು ಊಟದ ಡಬ್ಬಿ ಎದೆಗವಚಿಕೊಂಡು ಹಿಂದೆ ಹತ್ತುವರು. ಗಾಡಿ ಹೊರಟಿತೆಂದರೆ ಅಕ್ಕೋರ ಮಾತೂ ಹೊರಟಿತು. ದಾರಿಯುದ್ದಕ್ಕೂ ತಲೆ ತುಸು ವಾಲಿಸಿ ಏನೋ ಹೇಳುತ್ತಲೇ ಹೋಗುವರು. ಓಣಿಯ ತಿರುವಿನಲ್ಲಿ ಚಹಾ ಅಂಗಡಿ. ಅಲ್ಲಿ ಅಣ್ಣನಿಗೆ ಚೇಟ್ಟ, ಅಕ್ಕನಿಗೆ ಚೇಚ್ಚಿ ಎನ್ನುವುದು. ಅಂಗಡಿಯ ಚೇಟ್ಟ ಚಹಾ ಎತ್ತಿ ಸುರಿಯುತ್ತಾ ಮಲಯಾಳದಲ್ಲಿ, "ಚೇಚ್ಚಿ ಗಾಡಿ ಓಡಿಸ್ತಾಳೆ, ಸಾರ್ ಹರಿಕಥೆ ಕೇಳ್ತಾರೆ" ಅನ್ನುತ್ತಿದ್ದ. ನಾನೂ ಬಿಡುತ್ತಿರಲಿಲ್ಲ, ನನಗೆ ಬಂದಷ್ಟು ಮಲಯಾಳದಲ್ಲಿ, "ಹಿಂದೆ ಕೂತದ್ದು ಸಾರ್ ಅಲ್ಲ ಚೇಟ್ಟಾ, ಪಾರ್ಸಲ್" ಎಂದಿದ್ದೆ. ಬೆಂಚಿನವರೆಲ್ಲ ನಕ್ಕರು. ಆ ಹೆಸರು ನಿಂತುಬಿಟ್ಟಿತು… ಪಾರ್ಸಲ್.

ಆ ವರ್ಷ ನನ್ನ ಕೈಯಲ್ಲಿ ಕೊಂಚ ದುಡ್ಡು ಆಡುತ್ತಿತ್ತು, ಇದ್ದ ಸಣ್ಣ ಗಾಡಿ ಸಾಲದೆನಿಸಿತು. ಎರ್ನಾಕುಲಂನಲ್ಲಿ ಒಬ್ಬರು ಹಳೆಯ ದೊಡ್ಡ ಮೋಟಾರ್ ಸೈಕಲ್ ಮಾರುತ್ತಾರೆಂದು ಕೇಳಿ ಹೋದೆ. ವ್ಯಾಪಾರದಲ್ಲಿ ನನ್ನ ಕಣ್ಣು ಎದುರಿನವನ ಬೆರಳ ಮೇಲೆ. ಆತ ಮಾತಿನಲ್ಲಿ ಬಿಗಿಯಾಗಿದ್ದ, ಆದರೆ ಕೈ ಬೀಗದ ಕೀಯನ್ನು ತಿರುಗಿಸುತ್ತಲೇ ಇತ್ತು. ಈತನಿಗೆ ಅವಸರವಿದೆ ಎಂದು ತಿಳಿಯಿತು, ಒತ್ತಿದೆ. ಹೇಳಿದ್ದರಲ್ಲಿ ಮೂರನೇ ಒಂದು ಪಾಲು ಇಳಿಯಿತು. ಚಾಲೈಗೆ ಬರುವ ಲಾರಿಯಲ್ಲಿ ಗಾಡಿ ಹಾಕಿಸಿಕೊಂಡು ರಾಜನಂತೆ ಬಂದೆ. ಮಾರುವವನನ್ನು ಅಷ್ಟು ನೋಡಿದವನು ಗಾಡಿಯನ್ನು ನೋಡಿರಲಿಲ್ಲ.

ನೋಡಿದ್ದು ಅಕ್ಕೋರು. ಸಂಜೆ ಬಂದು, ಗಾಡಿಯ ಎರಡೂ ಮಗ್ಗುಲಲ್ಲಿ ಕುಕ್ಕುರುಗಾಲಲ್ಲಿ ಕೂತು ನೋಡಿದರು.

"ಇದಕ್ಕೆ ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು. ನಿಮ್ಮ ಹಳೇ ಗಾಡಿ ಇದರ ಉಲ್ಟಾ ಅಲ್ವಾ?"

"ಎಲ್ಡು ದಿನಕ್ಕ ರೂಢಿ ಆಗ್ತೈತ್ರಿ ಅಕ್ಕೋರ."

"ತಲೆಗೆ ರೂಢಿ ಆಗುತ್ತೆ, ಕಾಲಿಗೆ ಆಗಲ್ಲ. ಗಾಬರಿ ಆದಾಗ ಕಾಲು ಹಳೇ ಗಾಡೀಲೇ ಇರುತ್ತೆ. ಆಮೇಲೆ, ಇದು ನಿಧಾನಕ್ಕೆ ಉಸಿರಾಡೋ ಗಾಡಿ. ನೀವು ಆ ಸಣ್ಣ ಗಾಡಿ ಥರಾನೇ ಇದನ್ನೂ ಕಿರುಚಿಸ್ತಿದೀರಿ. ಭಾನುವಾರ ಮೈದಾನಕ್ಕೆ ಬನ್ನಿ, ಸುಮ್ನೆ ಸುತ್ತು ಹಾಕೋಣ."

ರಾಯರು ಗೇಟಿನ ಹತ್ತಿರ ನಿಂತು ನಗುತ್ತಿದ್ದರು. "ನನ್ನ ಪಾಠ ನನ್ನೆದುರಿಗೇ ಒಪ್ಪಿಸ್ತಾಳೆ ನೋಡಿ ಇವಳು" ಅಂದರು. ಆ ಮಾತಿನ ಅರ್ಥ ಏನೆಂದು ನಾನು ಕೇಳಲಿಲ್ಲ. ಹೆಂಗಸಿನ ಹತ್ತಿರ, ಅದೂ ಮೈದಾನದಲ್ಲಿ, ನಾಲ್ಕು ಜನ ನೋಡುವಲ್ಲಿ ಗಾಡಿ ಕಲಿಯುವುದೇ? ಭಾನುವಾರ ಕೆಲಸವಿದೆ ಎಂದೆ.

ಎರ್ನಾಕುಲಂ ಪಕ್ಕದ ಏಲೂರಿನ ಕಾರ್ಖಾನೆಯೊಂದರಲ್ಲಿ ನನ್ನ ಷಡ್ಡಕ ಕೆಲಸದಲ್ಲಿದ್ದ. ಅವನ ಮಗುವಿಗೆ ತೊಟ್ಟಿಲು ಶಾಸ್ತ್ರ. ನನ್ನ ಹೆಂಡತಿ ಅಕ್ಕೋರನ್ನೂ ರಾಯರನ್ನೂ ಕರೆದಿದ್ದಳು. ಎಲ್ಲರೂ ರೈಲಿಗೆ ಹೋಗುವುದೆಂದು ಆಗಿತ್ತು. ಗಾಡಿಯ ಮೇಲೇ ಹೋಗೋಣ ಎಂದು ಹಟ ಹಿಡಿದವನು ನಾನು. ಷಡ್ಡಕನ ಮನೆಯ ಮುಂದೆ ಆ ಗಾಡಿ ನಿಲ್ಲಿಸಬೇಕಿತ್ತಲ್ಲ… ರಾಯರಿಗೂ ಏನೋ ಹುಮ್ಮಸ್ಸು ಬಂತು. ನಸುಕಿನಲ್ಲಿ ಎರಡು ಗಾಡಿ ಹೊರಟವು, ನನ್ನ ಹಿಂದೆ ಹೆಂಡತಿ, ಅಕ್ಕೋರ ಹಿಂದೆ ರಾಯರು.

ನಾನು ಭರ್ರನೆ ಮುಂದೆ ಹೋಗಿ, ಎಲ್ಲೋ ನಿಂತು, ಬೀಡಿ ಹಚ್ಚುವಷ್ಟರಲ್ಲಿ ಅಕ್ಕೋರು ಅದೇ ಹದದಲ್ಲಿ ಬಂದು ದಾಟಿ ಹೋಗುತ್ತಿದ್ದರು. ಮತ್ತೆ ನಾನು ಅಟ್ಟಿಸಿಕೊಂಡು ಹೋಗುವುದು, ಮತ್ತೆ ನಿಲ್ಲುವುದು. ಹೀಗೆ ಆಲಪ್ಪುಳ ದಾಟಿತು. ನನ್ನ ಗಾಡಿ ಕಾದು ನಾರುತ್ತಿತ್ತು, ಅವರದು ಬೆಳಿಗ್ಗೆ ಹೊರಟಂತೆಯೇ ಇತ್ತು.

ಎರ್ನಾಕುಲಂ ಪೇಟೆಯೊಳಗೆ ಒಂದು ಬಸ್ಸು ನಿಂತಿತ್ತು. ಅದರ ಬಲಕ್ಕೆ ನುಗ್ಗಿದೆ. ಬಸ್ಸು ಹೊರಟು ನನ್ನ ಕಡೆಗೇ ವಾಲಿತು. ಬಲಗಾಲಿನಿಂದ ಜೋರಾಗಿ ಬ್ರೇಕು ಒತ್ತಿದೆ. ಅದು ಬ್ರೇಕಲ್ಲ, ಗೇರು. ಗಾಡಿ ನಿಲ್ಲುವ ಬದಲು ಮೇಲಿನ ಗೇರಿಗೆ ಬಿದ್ದು, ಇದ್ದ ಹಿಡಿತವನ್ನೂ ಬಿಟ್ಟಿತು. ಕಾಲು ಹಳೇ ಗಾಡಿಯಲ್ಲೇ ಇತ್ತು.

ಇಬ್ಬರೂ ಬಿದ್ದೆವು. ನನಗೆ ಮೊಣಕೈ ತರಚಿತು, ಅಷ್ಟೇ. ಒಂದೇ ಮಗ್ಗುಲಾಗಿ ಕೂತಿದ್ದ ಹೆಂಡತಿ ಭುಜದ ಮೇಲೆ ಬಿದ್ದಳು. ಅಳಲಿಲ್ಲ. ಮುಖ ಬೂದಿಯಾಗಿತ್ತು. ಹಿಂದೆಯೇ ಬಂದ ಅಕ್ಕೋರು ತಮ್ಮ ದುಪಟ್ಟಾದಿಂದ ಅವಳ ಕೈಯನ್ನು ಎದೆಗೆ ಕಟ್ಟಿ, ಆಟೋ ನಿಲ್ಲಿಸಿ, ರಾಯರನ್ನು ಜೊತೆಗೆ ಕೂರಿಸಿ ಆಸ್ಪತ್ರೆಗೆ ಕಳಿಸಿದರು. ರಾಯರು ಹತ್ತುವಾಗ ಅಕ್ಕೋರು, "ರೀ, ಎಡಗಡೆ ಸರಳು" ಅಂದರು. ಅಷ್ಟರಲ್ಲಿ ರಾಯರು ಹಣೆ ಬಡಿಸಿಕೊಂಡಾಗಿತ್ತು.

ನಾನು ಗಾಡಿ ಎತ್ತಿದೆ. ಕೀ ಎರಡು ಸಲ ಜಾರಿ ಕೆಳಗೆ ಬಿತ್ತು. ಸುತ್ತ ಜನ. ಅಕ್ಕೋರು ತಮ್ಮ ಗಾಡಿಯನ್ನು ಒಂದು ಅಂಗಡಿಯ ಮುಂದೆ ಬೀಗ ಹಾಕಿ ಬಂದರು. ತಮ್ಮ ಹೆಲ್ಮೆಟ್ ತೆಗೆದು ನನ್ನ ಕೈಗಿತ್ತು, "ಹಾಕ್ಕೊಳ್ಳಿ. ಹಿಂದೆ ಕೂತ್ಕೊಳ್ಳಿ" ಅಂದರು. ನಾನು ಹತ್ತಿದ ಮೇಲೂ ಅವರು ಗಾಡಿ ಶುರು ಮಾಡಲಿಲ್ಲ. ಎಡಗಾಲು ಒತ್ತಿ "ಬ್ರೇಕು", ಬಲಗಾಲು ಆಡಿಸಿ "ಗೇರು" ಎಂದು ಮಕ್ಕಳು ಮಗ್ಗಿ ಒಪ್ಪಿಸುವಂತೆ ಗಟ್ಟಿಯಾಗಿ ಹೇಳಿಕೊಂಡರು. ಜನರಲ್ಲಿ ಯಾರೋ ನಕ್ಕರು. ಅವರು ನಿಲ್ಲಿಸಲಿಲ್ಲ. ಸಾಕೆನಿಸಿದ ಮೇಲೆ ಕಿಕ್ ಹೊಡೆದರು.

ನಾನು ಆ ಗಾಡಿಯ ಅಂಥ ಸದ್ದನ್ನು ಕೇಳಿರಲಿಲ್ಲ. ಅವಸರವಿಲ್ಲದ, ಕುಟ್ಟುವ ಸದ್ದು. ಅಕ್ಕೋರ ಮಾತೂ ಶುರುವಾಯಿತು.

"ಮುಂದಿನ ಬಸ್ಸಿನ ಕಿಳಿ ಬಾಗಿಲಿಗೆ ಬಂದ. ಕೈ ಎತ್ತಿದ… ತಗಡು ಬಡಿದ, ಬಸ್ ಹೊರಡುತ್ತೆ, ನಾವು ನಿಲ್ಲೋಣ. ಎಡಗಡೆ ಆಟೋದ ಮುಂದಿನ ಚಕ್ರ ತಿರುಗಿದೆ, ಡ್ರೈವರ್ ಇನ್ನೂ ನೋಡಿಲ್ಲ. ಆ ಅಜ್ಜ ಕೊಡೆ ಮಡಚ್ತಿದಾರೆ, ರಸ್ತೆ ದಾಟ್ತಾರೆ."

ಕಿಳಿ ಎಂದರೆ ಅಲ್ಲಿಯ ಬಸ್ಸಿನ ಬಾಗಿಲಲ್ಲಿ ನೇತಾಡುವ ಹುಡುಗ. ಅವನು ತಗಡು ಬಡಿಯದೆ ಬಸ್ಸು ಕದಲುವುದಿಲ್ಲ. ವರ್ಷಗಟ್ಟಲೆ ಆ ನಾಡಲ್ಲಿ ತಿರುಗಿದ್ದೆ, ಬೆರಳು ನೋಡಿ ಬೆಲೆ ಹೇಳುವವನು ನಾನು, ಅವನ ಕೈಯನ್ನು ಒಮ್ಮೆಯೂ ನೋಡಿರಲಿಲ್ಲ.

"ಯಾರ ಜೋಡಿ ಮಾತಾಡ್ತೀರಿ ಅಕ್ಕೋರ?" ಎಂದೆ.

"ಓ… ಅಭ್ಯಾಸ. ನಮ್ಮನೆಯವರಿಗೆ ಎಡಗಣ್ಣು ಕಾಣಲ್ಲ, ಬಲಗಣ್ಣೂ ಮಂಜು. ಗಾಡಿ ಅಂದ್ರೆ ಪ್ರಾಣ ಅವರಿಗೆ. ಕಣ್ಣು ಹೋಗೋಕೆ ಮುಂಚೆ ನನಗೆ ಕಲಿಸಿದ್ದೇ ಅವರು. ಈಗ ಓಡಿಸೋಕಾಗಲ್ಲ ಅಲ್ವಾ, ರಸ್ತೆ ಹೇಳ್ತಾ ಹೋದ್ರೆ ಅವರೇ ಓಡಿಸಿದ ಹಾಗಿರುತ್ತೆ ಅಂತಾರೆ."

ರಾಯರು ಯಾರನ್ನು ನೋಡಬೇಕಾದರೂ ಪೂರ್ತಿ ಮುಖ ತಿರುಗಿಸುತ್ತಿದ್ದುದು, ನಮ್ಮ ಮನೆಯ ಮೆಟ್ಟಿಲನ್ನು ಕಾಲಿನಿಂದ ತಡವಿ ಹತ್ತುತ್ತಿದ್ದುದು, ಎಲ್ಲ ನೆನಪಾಯಿತು. ಪಾರ್ಸಲ್ ಎಂದದ್ದೂ. ಹೆಲ್ಮೆಟ್ಟಿನೊಳಗೆ ಮುಖ ಇದ್ದದ್ದು ಒಳ್ಳೆಯದಾಯಿತು.

ಹೆಂಡತಿಯ ಭುಜದ ಎಲುಬು ಬಿರಿದಿತ್ತು. ಪಟ್ಟಿ ಕಟ್ಟಿಸಿಕೊಂಡು ಹೊರಗೆ ಬಂದವಳು ಸಿಟ್ಟು ಮಾಡಲಿಲ್ಲ. "ಇನ್ನ ನಿಮ್ಮ ಹಿಂದ ನಾ ಕುಂದ್ರಂಗಿಲ್ಲರಿ" ಅಂದಳು, ಉಪ್ಪು ತರಲು ಹೇಳುವ ದನಿಯಲ್ಲಿ. ಅವಳು ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ, ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಹೀಗೆ ಹೇಳಿದರೆ ಏನು ಮಾಡುವುದು? ಅವಳು ಮತ್ತೆ ನನ್ನ ಹಿಂದೆ ಕೂರಬೇಕು; ಆಗ ನನಗೆ ಬೇಕಾಗಿದ್ದುದು ಅದೊಂದೇ.

ತಿರುವನಂತಪುರಕ್ಕೆ ಮರಳಿದ ಮೇಲೆ ನಾನಾಗಿಯೇ ಅಕ್ಕೋರ ಬಾಗಿಲಿಗೆ ಹೋದೆ. ಆದರೆ ನಮ್ಮ ಓಣಿಯ ಮೈದಾನ ಬೇಡ, ಬೇರೆ ಕಡೆ ಹೋಗೋಣ ಎಂದೆ. ಅವರು ಒಪ್ಪಿದರು. ಭಾನುವಾರಗಳು ಶುರುವಾದವು. ನಡೆಯುವವರಿಗಿಂತ ನಿಧಾನವಾಗಿ ಓಡಿಸುವುದು. ಎಂಟರಾಕಾರದಲ್ಲಿ ಸುತ್ತುವುದು. ಅವರು ಚಪ್ಪಾಳೆ ತಟ್ಟಿದೊಡನೆ ಎಡಗಾಲಿನಿಂದ ನಿಲ್ಲಿಸುವುದು, ಮತ್ತೆ ಅದೇ, ಮತ್ತೆ ಅದೇ. "ರಸ್ತೆ ಹತ್ರ ಚೌಕಾಶಿ ಮಾಡ್ಬೇಡಿ" ಅನ್ನುತ್ತಿದ್ದರು. "ಎದುರಿನವರು ಬಗ್ಗೋ ತನಕ ಒತ್ತೋದು ನಿಮ್ಮ ಪೇಟೇಲಿ ಸರಿ. ಬಸ್ಸು ಬಗ್ಗಲ್ಲ." ಕಲ್ಲುಬೆಂಚಿನ ಮೇಲೆ ಕೂತ ರಾಯರು ಕಣ್ಣು ಮುಚ್ಚಿ ಸದ್ದು ಕೇಳಿ, "ಈಗ ಗೇರು ಬದಲಿಸಿ… ತಡ ಆಯ್ತು" ಎಂದು ಕೂಗುತ್ತಿದ್ದರು.

ಒಂದು ಭಾನುವಾರ ಚಹಾ ಅಂಗಡಿಯ ಚೇಟ್ಟ ಆ ದೂರದ ಮೈದಾನದ ಬದಿಗೂ ಬಂದು ಸೈಕಲ್ ನಿಲ್ಲಿಸಿ ನೋಡುತ್ತಿದ್ದ. ಅವನು ಏನೂ ಕೇಳುವ ಮೊದಲೇ ನಾನು, "ಚೇಚ್ಚಿಗೆ ದೊಡ್ಡ ಗಾಡಿ ಕಲಿಸಿಕೊಡ್ತಿದೀನಿ" ಎಂದೆ. ಅಕ್ಕೋರು ಪಕ್ಕದಲ್ಲೇ ಇದ್ದರು. ಒಂದು ಗಳಿಗೆ ನನ್ನ ಮುಖ ನೋಡಿ, "ಹೌದು ಚೇಟ್ಟಾ, ಚೆನ್ನಾಗಿ ಹೇಳಿಕೊಡ್ತಾರೆ" ಅಂದರು.

ಸಂಜೆ ಅವರೇ ಇದನ್ನು ತಮಾಷೆಯಾಗಿ ನನ್ನ ಹೆಂಡತಿಗೆ ಹೇಳಿದರಂತೆ. ಅವಳಿಗೆ ನಗು ಬರಲಿಲ್ಲ. ಊಟಕ್ಕೆ ಬಡಿಸುತ್ತಾ ಹೇಳಿದಳು: "ಚಾ ಅಂಗಡ್ಯಾಗ ಹೋಗಿ ಖರೇ ಹೇಳ್ರಿ, ಅಕ್ಕೋರ ಎದುರಿಗೆ. ಅವತ್ತ ನಿಮ್ಮ ಹಿಂದ ಕುಂದರ್ತೀನಿ."

"ಇಬ್ರೂ ಕೂಡಿ ಕಲಿಯಾಕ ಹತ್ತೀವಿ ಅಂತ ಹೇಳ್ಲಿ?"

"ಮೆಣಸಿನಕಾಯಿ ಏನ್ರಿ ಇದು, ಅರ್ಧ ಚೀಲ ಕೊಡಾಕ?"

ಇವತ್ತು ಅಂಗಡಿಯಲ್ಲಿ ಜನ ಹೆಚ್ಚು, ಇವತ್ತು ಚೇಟ್ಟನಿಲ್ಲ, ಇವತ್ತು ಮಳೆ… ನಾನು ದಿನ ದೂಡಿದೆ. ವ್ಯಾಪಾರದಲ್ಲಿ ದಿನ ದೂಡಿದಷ್ಟೂ ಲಾಭ ಎಂದು ಕಲಿತವನು. ಅಷ್ಟರಲ್ಲಿ ರಾಯರಿಗೂ ಅಕ್ಕೋರಿಗೂ ಉತ್ತರದ ಕಡೆಗೆ ವರ್ಗವಾಯಿತು. ಹೊರಡುವ ದಿನ ಹೇಳಿಬಿಡೋಣ, ಹೇಗೂ ಆಮೇಲೆ ಮುಖ ನೋಡುವುದಿಲ್ಲ ಎಂದುಕೊಂಡೆ. ಆ ವಾರವೇ ಎರ್ನಾಕುಲಂಗೆ ಹೋದೆ. ಮೆಣಸಿನಕಾಯಿ ದರ ಏರುತ್ತಿತ್ತು, ಇನ್ನೊಂದು ದಿನ ಕಾದರೆ ಇನ್ನಷ್ಟು ಎಂದು ಉಳಿದೆ. ಮರಳಿದಾಗ ಪಕ್ಕದ ಮನೆಗೆ ಬೀಗ.

ಬ್ಯಾಗು ಇಟ್ಟವನೇ ಚಹಾ ಅಂಗಡಿಗೆ ಹೋದೆ. ಬೆಂಚು ತುಂಬ ಜನ. "ನಾನು ಕಲಿಸಿದ್ದಲ್ಲ ಚೇಟ್ಟಾ. ಚೇಚ್ಚಿಯೇ ನನಗೆ ಗಾಡಿ ಕಲಿಸಿದ್ದು" ಎಂದೆ.

ಚೇಟ್ಟ ಗ್ಲಾಸು ತೊಳೆಯುವುದನ್ನು ನಿಲ್ಲಿಸಲಿಲ್ಲ. "ಅದು ಗೊತ್ತು. ಗಾಡಿ ಮೇಲೆ ಕೂತು ಬೆವರ್ತಿದ್ದವನು ನೀನು. ಮೇಷ್ಟ್ರು ಬೆವರ್ತಾರೇನಪ್ಪಾ?" ಎಂದ. ಆಮೇಲೆ ದನಿ ತಗ್ಗಿಸಿದ. "ಚೇಚ್ಚಿ ನಮಗೆಲ್ಲ ಹೇಳಿದ್ರು, ಅವನನ್ನ ರೇಗಿಸ್ಬೇಡಿ, ಪಾಪ, ಕಲಿಯೋದು ನಿಲ್ಲಿಸಿಬಿಡ್ತಾನೆ ಅಂತ."

ಅಂದರೆ ಅಷ್ಟು ತಿಂಗಳು ಆ ಬೆಂಚು ನನ್ನನ್ನು ನೋಡಿ ನಗದೇ ಇದ್ದದ್ದು ಅವರ ಮಾತಿಗಾಗಿ. ಅದೇ ಬೆಂಚಿಗೆ ನಾನು ಅವರ ಗಂಡನನ್ನು ತೋರಿಸಿ ನಗಲು ಕಲಿಸಿದ್ದೆ…

ಹೆಂಡತಿ ಅಂದು ಸಂಜೆ ನನ್ನ ಹಿಂದೆ ಕೂತಳು. "ಅಕ್ಕೋರ ಎದುರಿಗೆ ಅಂದಿದ್ದೆ" ಎಂದು ಒಂದೇ ಸಲ ಹೇಳಿದಳು. ಪೂರ್ತಿ ಬೆಲೆ ತೆರದೆ ಸರಕು ಮನೆಗೆ ತಂದಿದ್ದೆ. ಜೀವನದಲ್ಲಿ ಅದೊಂದು ರಿಯಾಯಿತಿ ನನಗೆ ಅರಗಲಿಲ್ಲ.

ಕೆಲವು ವರ್ಷಗಳ ಹಿಂದೆ ರಾಯರು ಎಲ್ಲಿಂದಲೋ ನಮ್ಮ ನಂಬರು ಹುಡುಕಿ ಫೋನು ಮಾಡಿದರು. ಅಕ್ಕೋರು ಹೋಗಿ ಆಗಲೇ ಬಹಳ ದಿನವಾಗಿತ್ತು, ಕಾಯಿಲೆಯಂತೆ. ನಾನು ಹೇಳಬೇಕಾದ್ದನ್ನು ರಾಯರಿಗೆ ಹೇಳಿದೆ, ಪಾರ್ಸಲ್ ಎಂದದ್ದನ್ನೂ ಸೇರಿಸಿ. ಅವರು ನಕ್ಕರು. "ಅದು ನಮಗೆ ಗೊತ್ತಿತ್ತಲ್ಲ, ಮನೇಲಿ ಅವಳೂ ಹಾಗೇ ಕರೀತಿದ್ಲು" ಅಂದರು. ಆಮೇಲೆ, "ಈಗ ಆಟೋದಲ್ಲಿ ಓಡಾಡ್ತೀನಿ. ಡ್ರೈವರುಗಳು ಏನೂ ಹೇಳಲ್ಲ ನೋಡಿ" ಅಂದರು.

ನಿಮಗೆ ನಾನು ಹೇಳುವುದಿಷ್ಟು. ಗಾಡಿ ಬದಲಿಸಿದ ದಿನ ಪೇಟೆಗೆ ಹೋಗಬೇಡಿ, ಬಯಲಿಗೆ ಹೋಗಿ. ಕಾಲು ತಾನಾಗಿ ಬ್ರೇಕು ಹುಡುಕುವವರೆಗೆ ಯಾರನ್ನೂ ಹಿಂದೆ ಕೂರಿಸಬೇಡಿ. ಗಾಡಿ ಯಾವ ವೇಗದಲ್ಲಿ ನೆಮ್ಮದಿಯಾಗಿದೆ ಎಂದು ಅದರ ಸದ್ದಿನಲ್ಲಿ ಕೇಳಿ, ನಿಮ್ಮ ಗಡಿಯಾರದಲ್ಲಿ ನೋಡಬೇಡಿ. ನಿಂತ ವಾಹನದಲ್ಲಿ ಮನುಷ್ಯನ ಮುಖ ನೋಡಬೇಡಿ, ಮುಂದಿನ ಚಕ್ರ ನೋಡಿ. ಕಲಿಸಿದವರಿಗೆ ಹೇಳಬೇಕಾದ್ದೇನಾದರೂ ಇದ್ದರೆ, ದರ ಏರಲಿ ಇಳಿಯಲಿ, ಇವತ್ತೇ ಹೋಗಿ ಹೇಳಿ. ಮತ್ತೆ, ಹಿಂದೆ ಕೂತವರು ನಿಮ್ಮ ಭುಜವನ್ನು ಬಿಗಿಯಾಗಿ ಹಿಡಿದರೆ ಅದನ್ನು ಪ್ರೀತಿ ಎಂದುಕೊಳ್ಳಬೇಡಿ. ವೇಗ ಇಳಿಸಿ.