ಬಳೆ ಏರದ ಕೈ

ಗೆಳೆಯರೇ, ಇವತ್ತು ಏಳು ತಿಂಗಳ ಬಸುರಿ ತಂಗಿ ಶೋಭಾಳ ಕುಬಸಕ್ಕೆ ಬಳೆ ಇಡಲು ಬಂದ ಬಳೆಗಾರ್ತಿ ಶಾಂತವ್ವ ಅರ್ಧಕ್ಕೇ ನಿಲ್ಲಿಸಿಬಿಟ್ಟಳು.

“ಹೋದ ತಿಂಗಳ ಇದ ಅಳತಿ ಬಳಿ ಇಟ್ಟಿದ್ದೆ, ಈಗ ಏರವಲ್ದು. ಕೈ ಬಾತೈತಿ. ಮೊದಲ ದವಾಖಾನಿಗೆ ಕರ್ಕೊಂಡು ಹೋಗ್ರಿ.”

ದೊಡ್ಡವ್ವ ಸಿಡುಕಿದಳು. “ಬಸುರಿ ಕೈ ಬಾಯೂದಿಲ್ಲೇನ? ಸೋಪ ಹಚ್ಚಿ ಏರಸು.”

“ನಿಮ್ಮ ತಂಗಿಗೂ ಹಂಗ ಸೋಪ ಹಚ್ಚಿ ಏರಿಸಿದ್ದೆ, ಅಕ್ಕಾರ.”

ಆ ತಂಗಿ ನನ್ನ ಚಿಕ್ಕವ್ವ. ಅವಳ ಕುಬಸ ಕಣ್ಣಿಗೆ ಕಟ್ಟಿತು: ಮೊಣಕೈವರೆಗೆ ನೊರೆ, ಅವಳ ನಗು, ಒಡೆದ ಹಸಿರು ಚೂರುಗಳನ್ನು ಲಂಗದಲ್ಲಿ ತುಂಬಿಕೊಂಡ ನಾನು. ವಾರದೊಳಗೆ ಫಿಟ್ಸ್ ಬಂದು ಹಾನಗಲ್ಲ ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ. ಚೂರುಗಳು ಮಾತ್ರ ಬಹಳ ದಿನ ನನ್ನ ಡಬ್ಬಿಯಲ್ಲಿದ್ದವು.

ಆಸ್ಪತ್ರೆಯಲ್ಲಿ ಶೋಭಾಳ ಬಿಪಿ ಏರಿತ್ತು. ನರ್ಸ್ ಗದರಿದರು, “ಈ ತಿಂಗಳ ತಪಾಸಣಿಗೆ ಯಾಕ ಬಂದಿಲ್ರಿ?”

“ಕುಬಸ ಮುಗಿಸ್ಕೊಂಡು ಬರೂಣಂತ...” ಎಂದಳು ಶೋಭಾ.

ಅಡ್ಮಿಟ್ ಮಾಡಿಕೊಂಡರು. ಸದ್ಯ ಇಬ್ಬರೂ ಕ್ಷೇಮ.

ಬಟ್ಟೆ ಒಯ್ಯಲು ಮನೆಗೆ ಬಂದೆ. ದೊಡ್ಡವ್ವ ಸೀರೆ, ಟವೆಲ್, ತಟ್ಟೆ ಎಲ್ಲ ಚೀಲಕ್ಕೆ ತುಂಬಿದ್ದಳು.

“ಸೋಪ?” ಎಂದೆ.

“ಈ ಮನಿ ಸೋಪ ಬ್ಯಾಡ. ಅಂಗಡ್ಯಾಗ ಹೊಸಾದ ತಗೊಂಡು ಹೋಗು.”

ಅಂತೂ ಇಷ್ಟು ವರ್ಷಗಳ ಮೇಲೆ ನಮ್ಮ ಮನೆಗೆ ತಪ್ಪಿತಸ್ಥರು ಸಿಕ್ಕರು: ಒಂದು ಸೋಪು.