ಜಬ್ಬಾರ್ ಮಾಸ್ಟರ ಗುಂಡಿ ಮತ್ತು ದಾರ

ಎದುರಿಗೆ ಬಂದವರ ಮುಖದಲ್ಲಿ ಜಬ್ಬಾರ್ ಮಾಸ್ಟರು ಮೊದಲು ನೋಡುತ್ತಿದ್ದುದು ತುಟಿಗಳನ್ನು. ಶ್ರೀರಂಗಪಟ್ಟಣದ ಮದುವೆ ಬ್ಯಾಂಡಿನಲ್ಲಿ ನಲವತ್ತು ವರ್ಷ ಕ್ಲಾರಿನೆಟ್ ಊದಿದವರು. ಕಲಿಯಲು ಬಂದವರಿಗೆ ಮೊದಲ ತಿಂಗಳು ವಾದ್ಯ ಮುಟ್ಟಲು ಬಿಡುತ್ತಿರಲಿಲ್ಲ. ಕೋಟಿನ ದೊಡ್ಡ ಗುಂಡಿಗೆ ದಾರ ಕಟ್ಟಿ, ಗುಂಡಿಯನ್ನು ತುಟಿಗೂ ಹಲ್ಲಿಗೂ ನಡುವೆ ಇಡಿಸಿ, ತಾವು ದಾರ ಎಳೆಯುವರು. ಗುಂಡಿ ಜಾರಿ ಬಂದರೆ, "ತುಟಿ ಇನ್ನೂ ಎಳಸು. ನಾಲ್ಗೆ ಅಂಗುಳಕ್ಕೆ ಅಂಟ್ಸು, ಮೂಗಲ್ಲಿ ಉಸ್ರಾಡು, ನಾಳೆ ಬಾ" ಎನ್ನುವರು.

ಇದೇ ಕಸರತ್ತಿನಿಂದ ಗೊರಕೆಯೂ ತಗ್ಗುತ್ತದೆ ಎಂಬುದು ಅವರ ವಾದ. ಸಡಿಲ ನಾಲಿಗೆ ನಿದ್ದೆಯಲ್ಲಿ ಹಿಂದಕ್ಕೆ ಬಿದ್ದು ಉಸಿರಿನ ದಾರಿಗೆ ಅಡ್ಡ ಕೂರುತ್ತದಂತೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಅಂತೆಕಂತೆಗಳನ್ನೇ ಹಿಡಿದು ಗೆದ್ದವಳು ನಾನು. ನಂಬಲಿಲ್ಲ.

ನನ್ನಪ್ಪ ಪಾಂಡವಪುರ–ಕೆ.ಆರ್. ಪೇಟೆ ಖಾಸಗಿ ಬಸ್ಸಿನ ಡ್ರೈವರು. ಒಂದು ಮಧ್ಯಾಹ್ನ ಊಟದ ಡಬ್ಬಿ ಕೊಡಲು ಬಸ್ ಸ್ಟ್ಯಾಂಡಿಗೆ ಹೋದರೆ, ಸೀಟಿನಲ್ಲೇ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಹತ್ತಲು ಬಂದ ಮಾಸ್ಟರು ಅವರನ್ನೇ ನೋಡುತ್ತ ನಿಂತಿದ್ದರು. ಗೊರಕೆ ನಿಂತಿತು, ಉಸಿರೂ ನಿಂತಿತು. ಆಮೇಲೆ ನೀರಿನಿಂದ ಮೇಲೆದ್ದವರಂತೆ ಅಪ್ಪ ಬೆಚ್ಚಿ ಉಸಿರೆಳೆದುಕೊಂಡರು. ಮಾಸ್ಟರು ಅವರನ್ನು ಎಬ್ಬಿಸಿ, ಎಲ್ಲರಿಗೂ ಕೇಳುವಂತೆ ಹೇಳಿದರು:

"ಪುಟ್ರಾಜು, ಇವತ್ತು ನಿನ್ ಬಸ್ಸು ನಾನ್ ಅತ್ತಾಕಿಲ್ಲ ಕಣ್ಲಾ. ನಿದ್ದೇಲಿ ನಿಂಗೆ ಉಸ್ರು ಕಟ್ತಾ ಅದೆ. ಎದ್ದಿದ್ದಾಗ ತೂಕಡ್ಸೋದು ಅದಕ್ಕೇಯ."

ಸುದ್ದಿ ಮಾಲೀಕರಿಗೆ ಮುಟ್ಟಿತು. ಡಾಕ್ಟರ ಚೀಟಿ ತರುವವರೆಗೆ ಸ್ಟೇರಿಂಗು ಮುಟ್ಟಬೇಡ ಎಂದರು. ಅಪ್ಪ ಡಾಕ್ಟರ ಬಳಿ ಹೋಗಲೊಲ್ಲರು. "ಕಾಯ್ಲೆ ಅಂತ ಬರ್ದ್ಬುಟ್ರೆ ಲೈಸೆನ್ಸೇ ಓಯ್ತದೆ" ಎಂಬ ಭಯ. ಮಾಸ್ಟರ ಗುಂಡಿಯಲ್ಲೇ ವಾಸಿ ಮಾಡಿಕೊಳ್ಳುತ್ತೇನೆಂದು ಹಟ ಹಿಡಿದರು.

ನಾನು ಜಗಳಕ್ಕೆಂದೇ ಮಾಸ್ಟರ ಮನೆಗೆ ಹೋದೆ. "ನಿಮ್ ಗುಂಡಿ ಎಳ್ದು ಯಾರ್ ಗೊರಕೆ ನಿಂತದೆ ಮಾಸ್ಟ್ರೇ? ನಿಮ್ದಾದ್ರೂ ನಿಂತದಾ?"

ಇಂಥ ಕಡೆ ಎದುರಾಳಿಗಳು ಮಾತು ತಿರುಗಿಸುವುದನ್ನು ಎಷ್ಟೋ ಸಲ ಕಂಡಿದ್ದೆ. ಮಾಸ್ಟರು ಎದ್ದು ಬೀರು ತೆಗೆದರು. ಒಳಗೊಂದು ಪುಟ್ಟ ಯಂತ್ರ, ಉದ್ದನೆಯ ಕೊಳವೆ, ಮೂಗಿಗೆ ಹಾಕುವ ಮಾಸ್ಕು.

"ದಿನಾ ಇದ್ ಆಕ್ಕೊಂಡೇ ಮಲಗೋದು ಬೇಟಿ. ಗುಂಡಿಯಿಂದ ಸದ್ದು ಕಮ್ಮಿ ಆಯ್ತು, ಉಸ್ರು ಕಟ್ಟೋದು ನಿಲ್ನಿಲ್ಲ. ಡಾಕ್ಟ್ರು ಈ ಮಿಷನ್ ಕೊಟ್ರು, ರಾತ್ರಿಯೆಲ್ಲ ಮೂಗಿಗೆ ಗಾಳಿ ಊದ್ತದೆ."

"ಮತ್ತೆ ಊರ್ಗೆಲ್ಲ ಗುಂಡಿ ಯಾಕೆ?"

"ಕಮ್ಮಿ ಆಗಿದ್ದು ಸುಳ್ಳಾ? ಪೂರ್ತಿ ವಾಸಿ ಆಯ್ತು ಅಂತ ನಾನ್ ಎಲ್ಲೂ ಅಂದಿಲ್ಲ. ನೀ ಕೇಳ್ದೆ, ತೋರುಸ್ದೆ."

ತನ್ನ ವಾದಕ್ಕೆ ವಿರುದ್ಧವಾದ ಪುರಾವೆಯನ್ನು ತಾನೇ ಎದುರಾಳಿಯ ಕೈಗಿಟ್ಟವರನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಊದಿ ಬದುಕಿದವನಿಗೇ ಉಸಿರಿನ ತೊಂದರೆ ಎಂದು ಜನ ಆಡಿಕೊಂಡಾರೆಂದು, ಆ ಯಂತ್ರವನ್ನು ಅವರು ಬ್ಯಾಂಡಿನವರಿಗೂ ತೋರಿಸಿರಲಿಲ್ಲ. ಅದೇ ಸಂಜೆ ಅದನ್ನು ಚೀಲಕ್ಕೆ ಹಾಕಿಕೊಂಡು ನಮ್ಮ ಮನೆಗೆ ಬಂದರು. ಅಪ್ಪನ ಎದುರು ಮಾಸ್ಕು ಕಟ್ಟಿಕೊಂಡು ಕೂತರು.

"ನಗು ಲಾ. ನಕ್ಕಾದ್ಮೇಲೆ ಡಾಕ್ಟ್ರತ್ರ ಓಗು."

ಅಪ್ಪ ನಗಲಿಲ್ಲ. ಮರುದಿನ ಹೋದರು.

ನಿದ್ದೆಯ ಪರೀಕ್ಷೆಯಾಯಿತು, ಅಪ್ಪನಿಗೂ ಯಂತ್ರ ಬಂತು, ಜೊತೆಗೆ ಗುಂಡಿಯೂ ನಡೆಯಿತು. ಮೂರು ತಿಂಗಳ ಮೇಲೆ ಡಾಕ್ಟರು ಚೀಟಿ ಕೊಟ್ಟರು. ಅಪ್ಪ ಮತ್ತೆ ಬಸ್ಸು ತೆಗೆದ ದಿನ ನಾನೂ ಹತ್ತಿದೆ. ಮಾಸ್ಟರು ಡ್ರೈವರ ಹಿಂದಿನ ಸೀಟಿನಲ್ಲೇ ಕೂತರು. ಚಿನಕುರಳಿ ಬರುವಷ್ಟರಲ್ಲಿ ಕಿಟಕಿಗೆ ಒರಗಿ ನಿದ್ದೆ ಹೋಗಿದ್ದರು.

ಅದಾಗಿ ಎರಡು ವಾರಕ್ಕೆ ಮಾಸ್ಟರು ಎದೆನೋವು ಬಂದು ತೀರಿಕೊಂಡರು. ನಾನು ಅವರನ್ನು ಕೊನೆಯ ಸಲ ಕಂಡದ್ದು ಆ ಬಸ್ಸಿನಲ್ಲೇ. ಗುಂಡಿ ಹಿಡಿದು ಪಳಗಿದ ಅವರ ತುಟಿಗಳೂ ನಿದ್ದೆಯಲ್ಲಿ ಅರೆ ತೆರೆದಿದ್ದವು. ಆ ಪುರಾವೆಯನ್ನು ಈವರೆಗೆ ಯಾವ ವಾದಕ್ಕೂ ಬಳಸಿಲ್ಲ.